ಜಾರ್ಜ್ ಕ್ರೂಕ್‌ಷ್ಯಾಂಕ್

ಜಾರ್ಜ್ ಕ್ರೂಕ್‌ಷ್ಯಾಂಕ್ 1792ರ ಸೆಪ್ಟೆಂಬರ್ 27ರಂದು ಲಂಡನ್ ನಗರದಲ್ಲಿ ಜನಿಸಿದನು. ತಂದೆ ಐಸಾಕ್ ಸ್ಕಾಟ್‌ಲೆಂಡಿನಿಂದ ಬಂದು ನೆಲೆಸಿದ ವ್ಯಂಗ್ಯಚಿತ್ರಕಾರ; ಅಣ್ಣ ರಾಬರ್ಟನೂ ಅದೇ ಕಸುಬಿನವನು. ಬಾಲಕನಿಗೆ ಶಾಲೆಯ ಓದು ಹೆಚ್ಚಾಗಿ ದೊರೆಯಲಿಲ್ಲ. ಸೂಜಿ ಹಿಡಿಯುವುದನ್ನು ಮಾತ್ರ ಬೇಗನೆ ಕಲಿತನು. ಲೋಹದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಚಿತ್ರ ಗೀರಿ, ಆಮ್ಲದಲ್ಲಿ ಅದ್ದಿದರೆ ಗೀರಿದ ಕಡೆಯಷ್ಟೇ ಲೋಹ ಕರಗಿ ಗೆರೆ ಮೂಡುತ್ತದೆ. ಆ ಗೆರೆಗಳಲ್ಲಿ ಶಾಯಿ ತುಂಬಿ ಕಾಗದಕ್ಕೆ ಒತ್ತುತ್ತಾರೆ. ಛಾಯಾಚಿತ್ರ ಹುಟ್ಟದಿದ್ದ ಆ ಕಾಲದಲ್ಲಿ ದೂರದ ಬೀದಿಯ ಗಲಭೆಯನ್ನು ಜನರು ಕಂಡದ್ದು ಇಂತಹ ಅಚ್ಚುಗಳಲ್ಲಿಯೇ.

ಖೋಟಾ ನೋಟು ಚಲಾಯಿಸಿದ ಬಡ ಹೆಂಗಸರನ್ನು ಗಲ್ಲಿಗೇರಿಸಿದ್ದನ್ನು ಕಂಡು ಅವನ ಮನಸ್ಸು ಕಲಕಿತು. ಕೂಡಲೇ ಅವನು ಗಲ್ಲುಮರದಲ್ಲಿ ನೇತಾಡುವ ದೇಹಗಳುಳ್ಳ ಅಣಕು ನೋಟೊಂದನ್ನು ರಚಿಸಿದನು. 1819ರಲ್ಲಿ ಅದು ಪ್ರಕಟವಾದಾಗ ಜನ ಮುಗಿಬಿದ್ದು ಕೊಂಡರು. ಅದೇ ವರ್ಷ ಮ್ಯಾಂಚೆಸ್ಟರಿನಲ್ಲಿ ನಿರಾಯುಧ ಜನರ ಮೇಲೆ ಕುದುರೆ ದಂಡು ನುಗ್ಗಿದಾಗ ಅವನ ಸೂಜಿ ಜನರ ಪಕ್ಷವನ್ನೇ ವಹಿಸಿತು. ಅರಸನನ್ನು ಅಸಭ್ಯವಾಗಿ ಚಿತ್ರಿಸದಿರಲೆಂದು 1820ರಲ್ಲಿ ಅವನಿಗೆ 100 ಪೌಂಡು ಕೊಡಲಾಯಿತು. ಅವನು ಅದನ್ನು ಸ್ವೀಕರಿಸಿದನೆಂಬುದೂ ನಿಜವೇ.

ಇಂತಹ ಮೃದುಹೃದಯಿಯ ಗೆರೆ ಐರ್ಲೆಂಡಿನ ವಿಷಯದಲ್ಲಿ ಕಠಿಣವಾಯಿತು. 1798ರಲ್ಲಿ ಐರಿಷ್ ಜನರು ಇಂಗ್ಲಿಷರ ಆಳ್ವಿಕೆಯ ವಿರುದ್ಧ ದಂಗೆಯೆದ್ದರು. ವೆಕ್ಸ್‌ಫರ್ಡ್ ಪ್ರಾಂತದ ರೈತರು ಈಟಿ ಹಿಡಿದು ಹೋರಾಡಿ, ಜೂನ್ 21ರಂದು ವಿನಿಗರ್ ಹಿಲ್ ಎಂಬ ಗುಡ್ಡದಲ್ಲಿ ಸೋತರು. ಕ್ರೌರ್ಯ ಎರಡು ಕಡೆಯೂ ನಡೆಯಿತು. ದಂಗೆಕೋರರು ಸ್ಕಲಾಬೋಗ್ ಎಂಬಲ್ಲಿ ಸೆರೆಯಾಳುಗಳನ್ನು ಕಣಜದಲ್ಲಿ ಕೂಡಿ ಸುಟ್ಟರು. ಸೈನಿಕರು ಶಂಕಿತರ ತಲೆಗೆ ಕುದಿಯುವ ಡಾಂಬರು ಸುರಿದರು. 1803ರ ಜುಲೈ 23ರಂದು ರಾಬರ್ಟ್ ಎಮೆಟ್ ಡಬ್ಲಿನ್ನಿನಲ್ಲಿ ಮತ್ತೆ ಬಂಡೆದ್ದನು. ಆ ರಾತ್ರಿ ಥಾಮಸ್ ಬೀದಿಯಲ್ಲಿ ಜನರ ಗುಂಪು ನ್ಯಾಯಾಧೀಶ ಕಿಲ್ವಾರ್ಡನನನ್ನು ಗಾಡಿಯಿಂದ ಎಳೆದು ಇರಿಯಿತು. ಸೆಪ್ಟೆಂಬರಿನಲ್ಲಿ ಎಮೆಟ್ ಅದೇ ಬೀದಿಯಲ್ಲಿ ಗಲ್ಲಿಗೇರಿದನು.

ದಂಗೆ ನಡೆದಾಗ ಕ್ರೂಕ್‌ಷ್ಯಾಂಕ್ ಲಂಡನ್ನಿನಲ್ಲಿ ಐದು ವರ್ಷದ ಮಗು. ಮ್ಯಾಕ್ಸ್‌ವೆಲ್ ಎಂಬ ಲೇಖಕನ ದಂಗೆಯ ಇತಿಹಾಸಕ್ಕೆ ಅವನ ಚಿತ್ರಗಳು ಸೇರಿ ಪುಸ್ತಕವಾದದ್ದು 1845ರಲ್ಲಿ. ಕಣ್ಣಾರೆ ಕಾಣದ ಬೀದಿಗಳನ್ನು ಅವನು ಜೀವಂತವಾಗಿ ಬಿಡಿಸಿದನು: ಒಡೆದ ಪಿಯಾನೊ, ಉರುಳಿದ ಪೀಪಾಯಿ, ಗಾಡಿಯನ್ನು ಮುತ್ತಿದ ಈಟಿಗಳು. ಆದರೆ ಐರಿಷ್ ರೈತನ ಮುಖಕ್ಕೆ ಮುಂಚಾಚಿದ ದವಡೆ, ಚಪ್ಪಟೆ ಮೂಗು, ಮೃಗದ ನಗೆಯನ್ನು ಕೊಟ್ಟನು. ಸೈನಿಕರ ಡಾಂಬರಿನ ಟೋಪಿಗೆ ಆ ಚಿತ್ರಗಳಲ್ಲಿ ಸ್ಥಳ ದೊರೆಯಲಿಲ್ಲ. ಮ್ಯಾಂಚೆಸ್ಟರಿನ ಜನರಲ್ಲಿ ಅವನು ಕಂಡ ಮನುಷ್ಯರನ್ನು ವೆಕ್ಸ್‌ಫರ್ಡಿನ ಜನರಲ್ಲಿ ಕಾಣಲಿಲ್ಲ.

ಪುಸ್ತಕ ಹೊರಬಂದ ವರ್ಷವೇ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗಲಿ ಭೀಕರ ಕ್ಷಾಮ ಆರಂಭವಾಯಿತು. 1847ರಲ್ಲಿ ಕಾರ್ಕ್ ನಗರದ ಚಿತ್ರಕಾರ ಜೇಮ್ಸ್ ಮಹೋನಿ ಹಸಿದ ಊರುಗಳಿಗೆ ತಾನೇ ಹೋಗಿ, ಸತ್ತ ಕೂಸನ್ನೆತ್ತಿಕೊಂಡು ಶವಪೆಟ್ಟಿಗೆಗಾಗಿ ಬೇಡುವ ತಾಯಿಯನ್ನು ಚಿತ್ರಿಸಿದನು. ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ಅದನ್ನು ಅಚ್ಚು ಹಾಕಿತು. ಅದೇ ವರ್ಷ ಕ್ರೂಕ್‌ಷ್ಯಾಂಕ್ ಕುಡಿತದಿಂದ ಹಾಳಾಗುವ ಸಂಸಾರವನ್ನು ಕುರಿತ ಚಿತ್ರಮಾಲೆಯನ್ನು ಪ್ರಕಟಿಸಿದನು. ಮುಂದೆ ಪಾನನಿರೋಧವೇ ಅವನ ವ್ರತವಾಯಿತು.

1878ರ ಫೆಬ್ರವರಿ 1ರಂದು ಅವನು ತೀರಿಕೊಂಡನು. ಅವನ ಅಸ್ಥಿಗಳನ್ನು ಬಳಿಕ ಲಂಡನ್ನಿನ ಸೇಂಟ್ ಪಾಲ್ ಮಹಾದೇವಾಲಯಕ್ಕೆ ಸಾಗಿಸಲಾಯಿತು.