ಸನ್‌ಲೈಟ್ ಸೋಪಿನ ಲೀವರ್ ಮತ್ತು ಅವರ ಕೆಲಸಗಾರರು



ಸನ್‌ಲೈಟ್ ಸೋಪು ನಮ್ಮ ತಾಯಂದಿರ ಕಾಲದಿಂದ ಎಲ್ಲರಿಗೂ ಗೊತ್ತು. ಅದನ್ನು ಮಾಡಿದ ಪುಣ್ಯಾತ್ಮರ ಕಥೆಯನ್ನು ಓದಿ ತಿಳಿದಷ್ಟು ಬರೆದಿದ್ದೇನೆ. ನಾನು ಬೇಸಾಯಗಾರ, ತಪ್ಪಿದ್ದರೆ ಮನ್ನಿಸಬೇಕು.

ವಿಲಿಯಂ ಲೀವರ್ ಅವರು 1851ರಲ್ಲಿ ಇಂಗ್ಲೆಂಡಿನ ಬೋಲ್ಟನ್ ಊರಿನಲ್ಲಿ ಹುಟ್ಟಿದರು. ತಂದೆಯದು ದಿನಸಿ ವ್ಯಾಪಾರ. ಹದಿನಾರನೇ ವಯಸ್ಸಿಗೇ ಅಂಗಡಿ ಕೆಲಸಕ್ಕೆ ನಿಂತರು. ಆಗೆಲ್ಲ ಸೋಪು ಉದ್ದನೆಯ ಗಟ್ಟಿಯಾಗಿ ಬರ್ತಿತ್ತು, ಕತ್ತರಿಸಿ ತೂಗಿ ಕೊಡಬೇಕಿತ್ತು. ಲೀವರ್ ಅದನ್ನು ಬಿಲ್ಲೆ ಮಾಡಿಸಿ, ಕಾಗದ ಸುತ್ತಿ, 1884ರಲ್ಲಿ ಸನ್‌ಲೈಟ್ ಅಂತ ಹೆಸರಿಟ್ಟರು. ಮರುವರ್ಷ ತಮ್ಮ ಜೇಮ್ಸ್ ಜೊತೆ ಸೇರಿ ವಾರಿಂಗ್ಟನ್‌ನಲ್ಲಿ ಕಾರ್ಖಾನೆ ಹಿಡಿದರು. ಜಾಗ ಸಾಲದೆ ಮರ್ಸಿ ನದಿ ಹತ್ತಿರ ಜೌಗು ನೆಲ ಕೊಂಡು, 1888ರಲ್ಲಿ ಹೊಸ ಕಾರ್ಖಾನೆಯನ್ನೂ ಪೋರ್ಟ್ ಸನ್‌ಲೈಟ್ ಎಂಬ ಊರನ್ನೂ ಕಟ್ಟಲು ಶುರು ಮಾಡಿದರು.

ಆ ಕಾಲಕ್ಕೆ ಅಲ್ಲಿನ ಪಟ್ಟಣಗಳಲ್ಲಿ ಕೂಲಿಕಾರರು ಗಾಳಿ ಬೆಳಕಿಲ್ಲದ ಗೂಡುಗಳಲ್ಲಿ ಬದುಕ್ತಿದ್ರು. ಲೀವರ್ ಸುಮಾರು 800 ಮನೆ, ಕೈತೋಟಕ್ಕೆ ಜಾಗ, ಶಾಲೆ, ಆಸ್ಪತ್ರೆ, ಈಜುಕೊಳ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಊಟದ ಮನೆ ಎಲ್ಲ ಮಾಡಿಸಿದರು. ಲಾಭವನ್ನು ಕೈಗೆ ಕೊಟ್ಟರೆ ಕುಡಿತಕ್ಕೂ ತಿಂಡಿಗೂ ಹೋಗುತ್ತೆ, ಮನೆಯಾಗಿ ಕೊಟ್ಟರೆ ಉಳಿಯುತ್ತೆ ಅನ್ನೋದು ಅವರ ವಾದ.

ಆದರೆ ಇನ್ನೊಂದು ಮುಖವೂ ಇದೆ. ಕೆಲಸ ಹೋದರೆ ಮನೆಯೂ ಹೋಗ್ತಿತ್ತು. 1909ರಲ್ಲಿ ಕೆಲಸಗಾರರಿಗೆ ಲಾಭದ ಪಾಲು ಕೊಡುವ ಪತ್ರ ಹಂಚಿದರು, ಆಡಳಿತ ಮಾತ್ರ ಧಣಿಯ ಕೈಯಲ್ಲೇ ಉಳಿಯಿತು. 1911ರಲ್ಲಿ ಬೆಲ್ಜಿಯಂ ಆಳುತ್ತಿದ್ದ ಕಾಂಗೋದಲ್ಲಿ ತಾಳೆ ಎಣ್ಣೆಗಾಗಿ ದೊಡ್ಡ ಪ್ರದೇಶ ಪಡೆದರು. ಅಲ್ಲಿ ಹಣ್ಣು ಕೊಯ್ದ ಬಡವರಿಗೆ ಕೈತೋಟದ ಮನೆ ಸಿಗಲಿಲ್ಲ, ಬಲವಂತದ ದುಡಿಮೆ ಸಿಕ್ಕಿತು. ಲೀವರ್ 1925ರಲ್ಲಿ ತೀರಿಕೊಂಡರು.

ಬೋಲ್ಟನ್ ಹತ್ತಿರವೇ ರಾಚ್‌ಡೇಲ್ ಊರು. ಅಲ್ಲಿ 1844ರಲ್ಲಿ ನೇಕಾರರೂ ಇತರ ಕಸುಬಿನವರೂ ಸೇರಿ 28 ಜನ ಸಹಕಾರಿ ಅಂಗಡಿ ತೆರೆದರು. ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಓಟು ಎಂದರು. ಲೀವರ್ ಎಲ್ಲ ಕೊಟ್ಟರು, ಆ ಓಟೊಂದನ್ನು ಬಿಟ್ಟು.

ನಾವು ನಡೆಯುವುದು ರಾಚ್‌ಡೇಲ್ ದಾರಿ. ಆದರೂ ಇಪ್ಪತ್ತೈದು ವರ್ಷದಿಂದ ನಮ್ಮ ಗೋದಾಮಿನಲ್ಲಿ ಗೊಬ್ಬರದ ಮೂಟೆ ಹೊರುವವರಿಗೆ ದೀಪಾವಳಿಗೆ ಬಟ್ಟೆ ಕೊಟ್ಟಿದ್ದೇವೆ, ಷೇರು ಕೊಟ್ಟಿಲ್ಲ. ನಾನೂ ನಿರ್ದೇಶಕನಾಗಿ ಸುಮ್ಮನಿದ್ದೆ. ಬರುವ ಮಹಾಸಭೆಯಲ್ಲಿ ಅವರನ್ನು ಸದಸ್ಯರಾಗಿ ಮಾಡಿಕೊಳ್ಳುವ ಮಾತು ಎತ್ತುತ್ತೇನೆ. ತಾವೆಲ್ಲ ಕೈ ಎತ್ತಬೇಕೆಂದು ವಿನಂತಿ.