ಶಿಶುಮನದ ಶೋಧಕ ಡಾ. ಎಂ. ವಿ. ಗೋಪಾಲಸ್ವಾಮಿ

ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆಗಳೂ, ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯಲ್ಪಡುತ್ತಿದ್ದ ಪಾಂಡವಪುರವೂ 1939ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದವು. ಈ ಸೀಮೆಯ ತರುಣರು ಉನ್ನತ ವಿದ್ಯೆಗೆಂದು ಹೋಗುತ್ತಿದ್ದುದು ಮೈಸೂರಿನ ಮಹಾರಾಜಾ ಕಾಲೇಜಿಗೆ. ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರು, ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಆ ವಿದ್ಯಾಮಂದಿರದ ನೆರಳಿನಲ್ಲೇ ಬೆಳೆದವರು. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ಕಟ್ಟಿ, ಮಗುವಿನ ಬುದ್ಧಿ ಅರಳುವ ಬಗೆಯನ್ನು ಶಾಸ್ತ್ರೀಯ ಪರೀಕ್ಷೆಗೆ ಒಳಪಡಿಸಿದ ಮಹನೀಯರು ಡಾ. ಎಂ. ವಿ. ಗೋಪಾಲಸ್ವಾಮಿ.

1896ರಲ್ಲಿ ಜನಿಸಿದ ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್‌ರ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿ ಪಡೆದರು. ನಾನಾ ಕೌಶಲಗಳ ಹಿಂದೆ ಸಾಮಾನ್ಯ ಬುದ್ಧಿಶಕ್ತಿಯೊಂದು ಇದೆಯೆಂದು ಪ್ರತಿಪಾದಿಸಿದವರು ಸ್ಪಿಯರ್‌ಮನ್. ಶಿಷ್ಯರು ತಾಯ್ನಾಡಿಗೆ ಮರಳಿದಾಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲರು. ತತ್ತ್ವಶಾಸ್ತ್ರದಲ್ಲಿ ಧುರಂಧರರಾದ ಸೀಲರು ಪ್ರಾಯೋಗಿಕ ಮನಶ್ಶಾಸ್ತ್ರಕ್ಕೂ ಒಲಿದವರು. ಹೀಗೆ 1924ರಲ್ಲಿ ಮೈಸೂರಿನ ವಿಭಾಗ ಉದಯಿಸಿತು. ಭಾರತದಲ್ಲಿ ಕಲ್ಕತ್ತೆಯ ಅನಂತರ ಇದೇ ಎರಡನೆಯದು.

ಗೋಪಾಲಸ್ವಾಮಿಗಳ ವ್ಯಾಸಂಗದ ಬಹುಭಾಗ ಮಕ್ಕಳ ಶಿಕ್ಷಣ ಮತ್ತು ಬೆಳವಣಿಗೆಗೆ ಮೀಸಲಾಯಿತು. ಪಾಶ್ಚಾತ್ಯರ ಬುದ್ಧಿಪರೀಕ್ಷೆಗಳನ್ನು ಈ ದೇಶದ ಮಕ್ಕಳಿಗೆ ಹೊಂದುವಂತೆ ಮಾರ್ಪಡಿಸುವುದು ಅವರು ಕೈಗೊಂಡ ಕಾರ್ಯ. ಇದು ಕೇವಲ ಭಾಷಾಂತರದ ಕೆಲಸವೆಂದು ಭಾವಿಸುವವರುಂಟು, ಅದು ಸರಿಯಲ್ಲ. ಬುದ್ಧಿಪರೀಕ್ಷೆಗಳ ಮೂಲಪುರುಷನಾದ ಆಲ್‌ಫ್ರೆಡ್ ಬಿನೆ 1905ರಲ್ಲಿ ಸೀಮೋನನೊಡನೆ ಪ್ಯಾರಿಸ್ಸಿನಲ್ಲಿ ರಚಿಸಿದ ಪರೀಕ್ಷೆಯು ಹಸುಳೆಯಿಂದಲೇ ಮೊದಲಾಗುತ್ತದೆ. ಉರಿಯುವ ಕಡ್ಡಿಯನ್ನು ಅತ್ತಿತ್ತ ಆಡಿಸಿದರೆ ಕಣ್ಣು ಅದನ್ನು ಹಿಂಬಾಲಿಸುತ್ತದೆಯೆ? ಇದು ಎಲ್ಲ ದೇಶದ ಮಗುವಿಗೂ ಸಲ್ಲುವ ಪ್ರಶ್ನೆ. ಚಾಕೊಲೇಟಿನ ತುಂಡನ್ನೂ ಮರದ ತುಂಡನ್ನೂ ಮುಂದಿಟ್ಟಾಗ ತಿನ್ನುವುದಾವುದೆಂದು ಗುರುತಿಸುತ್ತದೆಯೆ? ಇಲ್ಲಿ ತೊಡಕು ಆರಂಭ. ಆಲೆಮನೆಯ ಬೆಲ್ಲವನ್ನು ಚೀಪಿ ಬೆಳೆದ ಕೂಸಿಗೆ ಅಂದಿನ ದಿನದಲ್ಲಿ ಚಾಕೊಲೇಟ್ ಕಂಡರಿಯದ ವಸ್ತು. ಮುಂದೆ 1908ರ ಪರಿಷ್ಕರಣದಲ್ಲಿ ಮೂರು ವರ್ಷದ ಮಗುವಿಗೆ ಮನೆತನದ ಹೆಸರನ್ನು ಹೇಳುವಂತೆ ಕೇಳಲಾಯಿತು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನೇ ಇಟ್ಟುಕೊಳ್ಳುವ ಹಳೆಯ ಮೈಸೂರಿನಲ್ಲಿ ಮಗು ಏನೆಂದು ಉತ್ತರಿಸೀತು? ದೊಡ್ಡ ಮಕ್ಕಳು ತಿಂಗಳುಗಳನ್ನು ಕ್ರಮವಾಗಿ ಹೇಳಬೇಕಾಗಿತ್ತು. ಕಿಕ್ಕೇರಿಯ ರೈತನ ಮಗನಿಗೆ ಚೈತ್ರ ವೈಶಾಖಗಳೂ, ಅದಕ್ಕಿಂತ ಮಿಗಿಲಾಗಿ ಮಳೆಯ ನಕ್ಷತ್ರಗಳೂ ಬಾಯಲ್ಲಿರುತ್ತವೆ, ಜನವರಿ ಫೆಬ್ರವರಿಗಳಲ್ಲ. ಮೂಲದ ಪ್ರಶ್ನೆಯನ್ನೇ ಹಿಡಿದು ಅಳೆದರೆ ಚುರುಕಾದ ಮಗುವೂ ಮಂದಮತಿಯೆಂಬ ಹಣೆಪಟ್ಟಿ ಹೊರಬೇಕಾಗುತ್ತದೆ. ಒಮ್ಮೆ ಅಂಟಿದ ಆ ಹಣೆಪಟ್ಟಿಯನ್ನು ಕಳಚುವುದು ಎಷ್ಟು ಕಷ್ಟವೆಂಬುದು ತರಗತಿಯಲ್ಲಿ ನಿಂತವರಿಗೆಲ್ಲ ತಿಳಿದದ್ದೇ. ಶರಣರು ಅನುಭಾವವನ್ನು ಜನರ ನುಡಿಗೆ ಇಳಿಸಿದ ನಾಡಿನಲ್ಲಿ ಮಗುವಿನ ಮನಸ್ಸನ್ನೂ ಅದರದೇ ನುಡಿಯಲ್ಲಿ, ಅದರದೇ ಬಾಳಿನ ವಸ್ತುಗಳಿಂದ ಮಾತನಾಡಿಸುವುದು ಉಚಿತವಾದ ಮಾರ್ಗವೇ ಸರಿ.

ಅದೇ 1896ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಜೀನ್ ಪಿಯಾಜೆ ಪ್ಯಾರಿಸ್ಸಿನಲ್ಲಿ ಇಂತಹವೇ ಪರೀಕ್ಷೆಗಳನ್ನು ನಡೆಸುತ್ತ, ಮಕ್ಕಳ ತಪ್ಪು ಉತ್ತರಗಳಲ್ಲಿಯೂ ಒಂದು ಕ್ರಮವನ್ನು ಕಂಡರು. ಬಳಿಕ ತಮ್ಮ ಮೂವರು ಮಕ್ಕಳನ್ನೇ ತೊಟ್ಟಿಲಿನಿಂದ ಗಮನಿಸಿ ಬರೆದರು. ಜನಿಸಿದ ಕೆಲವೇ ದಿನಗಳಲ್ಲಿ ಶಿಶು ತಾಯಿಯ ಧ್ವನಿಯನ್ನು ಬೇರೆ ಹೆಂಗಸರ ಧ್ವನಿಯಿಂದ ಬೇರ್ಪಡಿಸಿ ಅದಕ್ಕೇ ಒಲಿಯುತ್ತದೆಂಬುದು 1980ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ಅದನ್ನು ಕಾಣುವ ಯೋಗ ಗೋಪಾಲಸ್ವಾಮಿಗಳಿಗೆ ಇರಲಿಲ್ಲ. ಜೋಗುಳ ಹಾಡುವ ಅಜ್ಜಿಯರಿಗೆ ಇದು ಹೊಸ ಸುದ್ದಿಯೂ ಅಲ್ಲ.

ಲೋಕ ಅವರನ್ನು ನೆನೆಯುವುದು ಬಹುಮಟ್ಟಿಗೆ ಬೇರೊಂದು ಕಾರಣಕ್ಕೆ. 1935ರ ಸೆಪ್ಟೆಂಬರ್ 10ರಂದು ಅವರು ಮೈಸೂರಿನ ತಮ್ಮ ನಿವಾಸ ವಿಠ್ಠಲವಿಹಾರದಿಂದ ಸ್ವಂತ ಶ್ರಮದಲ್ಲಿ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಅದರ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ಸಂದಿತು. ಮೂರ್ತಿರಾಯರೂ ಆ ನಿಲಯದಲ್ಲಿ ಕೆಲಕಾಲ ಸೇವೆ ಸಲ್ಲಿಸಿದರು. ಈ ಕೀರ್ತಿಯ ಪ್ರಭೆಯಲ್ಲಿ ಅವರ ಶಿಶುಶೋಧನೆ ಮಸುಕಾದದ್ದು ವಿಷಾದಕರ.

ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿಯೂ ದುಡಿದ ಅವರು 1957ರಲ್ಲಿ ಕಾಲವಶರಾದರು. ಮೈಸೂರಿನಲ್ಲಿ ಅವರ ಹೆಸರನ್ನು ಹೊತ್ತ ಶಾಲೆಯೊಂದುಂಟು; ಅದನ್ನು ಗೋಪಾಲಸ್ವಾಮಿ ಶಿಶುವಿಹಾರವೆಂದು ಕರೆಯುತ್ತಾರೆ.