ಹೊನ್ನಾವರದಿಂದ ಕ್ಯಾಂಡಿಯವರೆಗೆ: ಸಂತ ಜೋಸೆಫ್ ವಾಜ್

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಇಲ್ಲಿ ಸೇವೆ ಸಲ್ಲಿಸಿದ ಗುರುವರ್ಯರನ್ನೆಲ್ಲ ನಾವು ಕೃತಜ್ಞತೆಯಿಂದ ಸ್ಮರಿಸುತ್ತಿದ್ದೇವೆ. ಅವರೆಲ್ಲರಿಗಿಂತ ಬಹು ಹಿಂದೆ ಕನ್ನಡ ಕರಾವಳಿಯಲ್ಲಿ ನಡೆದಾಡಿದ ಒಬ್ಬ ಕುರಿಗಾಹಿಯನ್ನು ಮರೆಯುವುದು ನಮಗೆ ಸಲ್ಲದು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವು ಸ್ಥಾಪನೆಗೊಂಡಾಗ ಉತ್ತರ ಕನ್ನಡ ಜಿಲ್ಲೆಯೂ ಅದರಲ್ಲಿ ಸೇರಿತ್ತು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯವು ಬೇರೆಯಾಗುವವರೆಗೆ ಹೊನ್ನಾವರದವರೂ ಸವದತ್ತಿಯವರೂ ಒಬ್ಬರೇ ಧರ್ಮಾಧ್ಯಕ್ಷರ ಮಂದೆಯಾಗಿದ್ದೆವು. ಆ ಹೊನ್ನಾವರದಲ್ಲಿ ಜನರ ಆತ್ಮರಕ್ಷಣೆಗಾಗಿ ದುಡಿದವರೇ ಸಂತ ಜೋಸೆಫ್ ವಾಜ್.

ಅವರು ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಷ್ಟಿಯ ಬಾಣಾವಳಿಯಲ್ಲಿರುವ ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕ್ವಾಳ. ತಂದೆ ಕ್ರಿಸ್ತೋವಾಂವ್ ವಾಜ್, ತಾಯಿ ಮರಿಯಾ ದಿ ಮಿರಾಂದಾ. 1676ರಲ್ಲಿ ಗುರುದೀಕ್ಷೆ ಪಡೆದು, ಮರುವರ್ಷವೇ ತಮ್ಮನ್ನು ಮೇರಿಮಾತೆಯ ದಾಸನೆಂದು ಬರೆದುಕೊಟ್ಟು ಸಮರ್ಪಿಸಿಕೊಂಡರು. ಲಂಕೆಗೆ ಹೋಗಬೇಕೆಂಬುದು ಅವರ ಬಯಕೆಯಾಗಿತ್ತು. ಅಲ್ಲಿ ಡಚ್ಚರು ಪೋರ್ತುಗೀಸರನ್ನು ಹೊರಗಟ್ಟಿ ಕಥೋಲಿಕ ಧರ್ಮಾಚರಣೆಯನ್ನು ನಿಷೇಧಿಸಿದ್ದರು. ಗುರುಗಳಿಲ್ಲದೆ ಆ ಜನ ಅನಾಥರಾಗಿದ್ದರು. ಆದರೆ ಹಿರಿಯರ ಆಜ್ಞೆ ಬೇರೆಯಾಯಿತು. 1681ರಲ್ಲಿ ಅವರನ್ನು ಕನ್ನಡ ಜಿಲ್ಲೆಯ ವಲಯಗುರುವನ್ನಾಗಿ ನೇಮಿಸಿ ಕಳುಹಿಸಲಾಯಿತು.

ಕರಾವಳಿಯನ್ನು ಆಗ ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮಾಜಿ. (ನಮ್ಮ ಕಿತ್ತೂರಿನ ಚೆನ್ನಮ್ಮನಲ್ಲ, ಆಕೆ ನೂರು ವರ್ಷಕ್ಕೂ ಹೆಚ್ಚು ಈಚಿನವಳು.) ಅನ್ಯಮತದ ರಾಣಿಯ ರಾಜ್ಯವೆಂಬುದು ಅಲ್ಲಿಯ ಕ್ರೈಸ್ತರಿಗೆ ದೊಡ್ಡ ತೊಡಕಾಗಿರಲಿಲ್ಲ. ತೊಡಕಿದ್ದುದು ಧರ್ಮಸಭೆಯ ಒಳಗೆ.

ಅದನ್ನು ಸ್ವಲ್ಪ ವಿವರಿಸಬೇಕು. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ಪೋರ್ತುಗಾಲದ ಅರಸನಿಗೆ ಸೇರಿತ್ತು. ಇದಕ್ಕೆ ಪದ್ರುವಾದೊ ಎಂದು ಹೆಸರು. ರೋಮಾಪುರಿಯಾದರೋ 1622ರಲ್ಲಿ ಪ್ರೊಪಗಾಂಡಾ ಎಂಬ ಧರ್ಮಪ್ರಚಾರ ಮಂಡಳಿಯನ್ನು ಸ್ಥಾಪಿಸಿ, ತಾನೇ ನೇರವಾಗಿ ಪ್ರೇಷಿತ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. 1637ರಲ್ಲಿ ಬಿಜಾಪುರ ರಾಜ್ಯಕ್ಕೆ, ಅಂದರೆ ನಮ್ಮ ಈ ಸೀಮೆಯನ್ನೂ ಒಳಗೊಂಡ ಆದಿಲಶಾಹಿಗೆ, ಹಾಗೆ ನೇಮಕಗೊಂಡವರು ಗೋವೆಯವರೇ ಆದ ಮತೆವುಸ್ ದಿ ಕಾಸ್ತ್ರೊ. ಅವರ ಸೋದರಳಿಯ ತೋಮಸ್ ದಿ ಕಾಸ್ತ್ರೊ 1675ರಲ್ಲಿ ಕನ್ನಡ ಜಿಲ್ಲೆಗೆ ನೇಮಕಗೊಂಡು ಮಂಗಳೂರಿನಲ್ಲಿ ನೆಲೆಸಿದರು. ಗೋವೆಯವರು ಈ ನೇಮಕವನ್ನು ಒಪ್ಪಲಿಲ್ಲ. ಒಂದು ಪಕ್ಷದ ಗುರುವಿನಿಂದ ಸಂಸ್ಕಾರ ಪಡೆದವರನ್ನು ಮತ್ತೊಂದು ಪಕ್ಷದವರು ಜರೆದರು. ಬಡ ರೈತನೂ ಬೆಸ್ತನೂ ಯಾರ ಬಳಿ ಪಾಪನಿವೇದನೆ ಮಾಡಬೇಕು, ಮಗುವಿಗೆ ಯಾರಿಂದ ಜ್ಞಾನಸ್ನಾನ ಕೊಡಿಸಬೇಕು ಎಂದು ತಿಳಿಯದೆ ಕಂಗೆಟ್ಟಿದ್ದರು.

ಜೋಸೆಫ್ ವಾಜ್ ಗೋವೆಯ ಪಕ್ಷದಿಂದಲೇ ಬಂದವರು. ತಮ್ಮವರ ಪರವಾಗಿ ವಾದಿಸಲೆಂದೇ ಅವರನ್ನು ಕಳುಹಿಸಲಾಗಿತ್ತೆನ್ನಬಹುದು. ಆದರೂ ಅವರು ಮೊದಲು ಧರ್ಮಾಧ್ಯಕ್ಷರನ್ನು ಕಂಡು ಗೌರವದಿಂದ ಮಾತನಾಡಿದರು. ರೋಮಿನಿಂದ ಹೊಸ ಆದೇಶ ಬರುವವರೆಗೆ ಜಗಳವನ್ನು ತಡೆಹಿಡಿಯಬೇಕು, ಅಲ್ಲಿಯವರೆಗೆ ಜನರಿಗೆ ಸಂಸ್ಕಾರಗಳು ತಪ್ಪಬಾರದು ಎಂಬುದು ಅವರು ಹಿಡಿದ ದಾರಿ. ಇಬ್ಬರು ಒಡೆಯರ ನಡುವೆ ನಿಂತು ಇಬ್ಬರಿಗೂ ವಿಧೇಯನಾಗಿರುವುದು ಎಷ್ಟು ಕಠಿಣವೆಂಬುದನ್ನು, ಆಡಳಿತ ಬಲ್ಲ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಸಂಧಾನದ ಜೊತೆಗೆ ಅವರು ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ನಡುವೆ ಬರಿಗಾಲಲ್ಲಿ ತಿರುಗಿ, ಶಿಥಿಲವಾದ ದೇವಾಲಯಗಳನ್ನು ಎತ್ತಿ ನಿಲ್ಲಿಸಿ, ಚಿಕ್ಕ ಶಾಲೆಗಳನ್ನು ತೆರೆದರು. ಯಲ್ಲಮ್ಮನ ಗುಡ್ಡದ ದಾರಿಯಲ್ಲಿ ಹಗಲಿರುಳು ನಡೆದು ಬರುವವರನ್ನು ಕಂಡ ನಮಗೆ, ನಡಿಗೆಯೂ ಒಂದು ಪ್ರಾರ್ಥನೆಯೆಂದು ಬೇರೆಯವರು ಕಲಿಸಬೇಕಿಲ್ಲ. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರು ಮೊಣಕಾಲೂರಿದಲ್ಲಿ ನೀರು ಚಿಮ್ಮಿತೆಂಬ ನಂಬಿಕೆ ಅಲ್ಲಿಯ ಭಕ್ತರಲ್ಲಿ ಇಂದಿಗೂ ಇದೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ, ಸ್ವದೇಶೀಯ ಗುರುಗಳೇ ಕಟ್ಟಿಕೊಂಡಿದ್ದ ಒರಾಟರಿ ಎಂಬ ಸಭೆಯನ್ನು ಸೇರಿದರು. 1686ರಲ್ಲಿ ಜೊವಾಂವ್ ಎಂಬ ಸೇವಕನೊಡನೆ ದಕ್ಷಿಣಕ್ಕೆ ಹೊರಟು, 1687ರಲ್ಲಿ ಲಂಕೆಯ ಜಾಫ್ನಾ ತಲುಪಿದರು. ಧರಿಸಿದ್ದುದು ಕೂಲಿಯವನ ವೇಷ. ದಾರಿಯಲ್ಲಿ ತಗಲಿದ ಭೇದಿಯಿಂದ ದೇಹ ಜರ್ಜರಿತವಾಗಿತ್ತು. ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ನೋಡಿ ಯಾರ ಕಣ್ಣು ಅರಳುವುದೋ ಅವರು ಕಥೋಲಿಕರೆಂದು ಗುರುತಿಸುವುದು ಅವರ ಉಪಾಯ. ಹೀಗೆ ಒಂದೊಂದೇ ಮನೆ ಸಿಕ್ಕಿತು. ರಾತ್ರಿಯ ಹೊತ್ತು ಗುಟ್ಟಾಗಿ ದಿವ್ಯ ಬಲಿಪೂಜೆ ನಡೆಯಿತು.

ಡಚ್ಚರ ಕಾಟ ಹೆಚ್ಚಲು ಅವರು ಪುತ್ತಳಂಗೆ ಸರಿದು, 1692ರಲ್ಲಿ ಒಳನಾಡಿನ ಕ್ಯಾಂಡಿ ರಾಜ್ಯಕ್ಕೆ ನಡೆದರು. ಪೋರ್ತುಗೀಸರ ಗೂಢಚಾರನೆಂಬ ಆರೋಪದ ಮೇಲೆ ಅಲ್ಲಿ ಸೆರೆಯಾದರು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆ ಕಲಿತರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದೂ, ಅದನ್ನು ಕಂಡ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರಿಯನು ಅವರಿಗೆ ಸ್ವಾತಂತ್ರ್ಯ ಕೊಟ್ಟನೆಂದೂ ಪ್ರತೀತಿ.

ಮಳೆಯ ಪವಾಡಕ್ಕಿಂತ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು 1697ರ ಸಂಗತಿ. ಆ ವರ್ಷ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನೂ ಗಣ್ಯರೂ ಊರು ಬಿಟ್ಟರು; ಹೆತ್ತವರನ್ನೂ ಬಿಟ್ಟು ಓಡಿದವರಿದ್ದರು. ಜೋಸೆಫ್ ವಾಜ್ ಮತ್ತು ಅವರ ಸೋದರಳಿಯ ಜೋಸೆಫ್ ಕಾರ್ವಾಲ್ಯೊ ಗುರುಗಳು ಅಲ್ಲಿಯೇ ನಿಂತು, ರೋಗಿಗಳಿಗೆ ಉಣಿಸಿ, ಹುಣ್ಣು ತೊಳೆದು, ಸತ್ತವರಿಗೆ ಕುಣಿ ತೋಡಿ ಮಣ್ಣು ಮಾಡಿದರು. ಯಾರ ಮತವನ್ನೂ ವಿಚಾರಿಸಲಿಲ್ಲ.

1696ರಲ್ಲೇ ಅವರನ್ನು ಕೊಚ್ಚಿಯ ಧರ್ಮಾಧ್ಯಕ್ಷರು ಲಂಕೆಗೆ ತಮ್ಮ ಶ್ರೇಷ್ಠಗುರುವನ್ನಾಗಿ ನೇಮಿಸಿದ್ದರು. 1705ರ ಸುಮಾರಿಗೆ ವಿಶ್ವಗುರುಗಳ ರಾಯಭಾರಿ ತುರ್ನೊನ್ ಅವರು ಪ್ರೇಷಿತ ಪ್ರತಿನಿಧಿಯ ಪದವಿಯನ್ನೇ ನೀಡಲು ಮುಂದೆ ಬಂದಾಗ ಜೋಸೆಫ್ ವಾಜ್ ಅದನ್ನು ಒಲ್ಲೆನೆಂದರು. ಮಂಗಳೂರಿನಲ್ಲಿ ಅಂಥ ಪದವಿಯೊಂದರ ಸುತ್ತ ಎದ್ದ ಕಲಹದಲ್ಲಿ ಮಂದೆ ನರಳಿದ್ದನ್ನು ಅವರು ಕಣ್ಣಾರೆ ಕಂಡಿದ್ದರಲ್ಲವೆ? ಅದೇ ವರ್ಷ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸ್ ಗುರುಗಳು ಮುಂದೆ ಸಿಂಹಳ, ತಮಿಳುಗಳಲ್ಲಿ ಕ್ರೈಸ್ತ ಸಾಹಿತ್ಯವನ್ನೇ ನಿರ್ಮಿಸಿದರು.

1711ರ ಜನವರಿ 16ರಂದು ಜೋಸೆಫ್ ವಾಜ್ ಕ್ಯಾಂಡಿಯಲ್ಲಿ ದೈವಾಧೀನರಾದರು. ಲಂಕೆಗೆ ಕಾಲಿಟ್ಟ ಮೇಲೆ ಅವರು ಗೋವೆಗೆ ಮರಳಲೇ ಇಲ್ಲ. ವಿಶ್ವಗುರು ಎರಡನೆಯ ಜಾನ್ ಪಾಲರು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರನ್ನು ಪುನೀತರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದ ಕಡಲತೀರದ ಬಯಲಿನಲ್ಲಿ ವಿಶ್ವಗುರು ಫ್ರಾನ್ಸಿಸರು ಸಂತ ಪದವಿಗೇರಿಸಿದರು. ಜನವರಿ 16 ಅವರ ಹಬ್ಬದ ದಿನ.